ಚಿಕ್ಕಮ್ಮನೂ ಅಮ್ಮನೇ ಎಂದು ಕಲಿಸುವ ಕೋರ್ಸು

ಅಮ್ಮನ ಅಕ್ಕನನ್ನು ನೀವು ಏನೆಂದು ಕರೆಯುತ್ತೀರಿ, ಮಕ್ಕಳೇ? ದೊಡ್ಡಮ್ಮ. ತಂಗಿಯಾದರೆ ಚಿಕ್ಕಮ್ಮ. ಎರಡರಲ್ಲೂ ‘ಅಮ್ಮ’ ಇದ್ದೇ ಇದೆ. ಇಂಗ್ಲಿಷಿನಲ್ಲಾದರೆ ಇಬ್ಬರೂ ಬರೀ ಆಂಟಿ!

ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬೊರಿಜಿನಲ್ ಜನರ ಅನೇಕ ಸಮುದಾಯಗಳು ಈ ವಿಷಯದಲ್ಲಿ ನಮ್ಮ ಹಾಗೆಯೇ. ಅಮ್ಮನ ಅಕ್ಕತಂಗಿಯರೂ ಅಲ್ಲಿ ಅಮ್ಮಂದಿರೇ, ಅಪ್ಪನ ಅಣ್ಣತಮ್ಮಂದಿರೂ ಅಪ್ಪಂದಿರೇ. ಮಗು ಕೆಲವು ದಿನ ಅಜ್ಜಿಯ ಮನೆಯಲ್ಲಿ, ಕೆಲವು ದಿನ ಇನ್ನೊಬ್ಬ ಅಮ್ಮನ ಮನೆಯಲ್ಲಿ ಬೆಳೆದರೆ ಯಾರಿಗೂ ಆಶ್ಚರ್ಯವಿಲ್ಲ.

ಇದು ಗೊತ್ತಿಲ್ಲದ ಅಧಿಕಾರಿ ಬಂದರೆ? ‘ಮಗುವಿನ ಜೊತೆ ತಾಯಿ ಇಲ್ಲ’ ಎಂದು ಬರೆದುಕೊಂಡು ಹೋಗಬಹುದು. ಆ ದೇಶದಲ್ಲಿ ಇಂಥ ಬರಹಕ್ಕೆ ಹೆದರುವ ಕಾರಣವಿದೆ. ಸುಮಾರು 1910ರಿಂದ 1970ರವರೆಗೆ ಸರ್ಕಾರಗಳೂ ಮಿಷನ್‌ಗಳೂ ಸಾವಿರಾರು ಅಬೊರಿಜಿನಲ್ ಮಕ್ಕಳನ್ನು ಮನೆಯವರಿಂದ ಬೇರೆ ಮಾಡಿದವು. ಮಕ್ಕಳನ್ನು ಬಿಳಿಯರ ರೀತಿಗೆ ಒಗ್ಗಿಸುವುದೇ ಆಗಿನ ನೀತಿ. ಅನೇಕರು ತಾಯ್ನುಡಿಯನ್ನೂ ಬಂಧುಗಳನ್ನೂ ಕಳೆದುಕೊಂಡರು. ‘ಕದ್ದೊಯ್ದ ತಲೆಮಾರು’ ಎಂದು ಅವರಿಗೆ ಹೆಸರು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲೇ ಅವರ ಕ್ಷಮೆ ಕೇಳಿದರು.

ಮಗುವನ್ನು ಹೆತ್ತವರಿಂದ ದೂರ ಇಡಲೇಬೇಕಾಗಿ ಬಂದರೆ ಮೊದಲು ಬಂಧುಗಳ ಮನೆ, ಆಮೇಲೆ ಅದೇ ಸಮುದಾಯದ ಮನೆ ಹುಡುಕಬೇಕು ಎಂಬುದು ಈಗ ಅಲ್ಲಿನ ತತ್ವ. ಹಾಗೆ ಹುಡುಕುವವರಿಗೆ ಬಂಧು ಯಾರೆಂದು ತಿಳಿದಿರಬೇಕಲ್ಲ! ಅದಕ್ಕೇ ಮಕ್ಕಳ ಪಾಲನೆ, ಆರೋಗ್ಯ, ಸಮಾಜ ಸೇವೆಯ ಕೆಲಸಕ್ಕೆ ತಯಾರು ಮಾಡುವ ಅನೇಕ ವೃತ್ತಿ ಕೋರ್ಸುಗಳಲ್ಲಿ ಮೂಲನಿವಾಸಿಗಳ ಸಂಸ್ಕೃತಿಯೂ ಒಂದು ಪಾಠ. ‘ಟೇಫ್’ ಎಂಬ ಸರ್ಕಾರಿ ಕಾಲೇಜುಗಳಲ್ಲಿ ಇವನ್ನು ಕಲಿಯಬಹುದು.

ಅಲ್ಲಿ ಏನು ಕಲಿಯುತ್ತಾರೆ? ಹಿರಿಯರ ಮುಂದೆ ಕಣ್ಣಿಗೆ ಕಣ್ಣಿಟ್ಟು ನೋಡದಿರುವುದು ಕಳ್ಳತನವಲ್ಲ, ಮರ್ಯಾದೆ ಇರಬಹುದು ಎಂದು. ತೀರಿಕೊಂಡವರ ಹೆಸರನ್ನು ಅನೇಕ ಕಡೆ ಬಾಯಲ್ಲಿ ಹೇಳುವುದಿಲ್ಲ ಎಂದು. ಸಾವಿನ ಮನೆಯವರು ಕೆಲವು ವಾರ ಆಸ್ಪತ್ರೆಗೆ ಬಾರದಿದ್ದರೆ ಅದು ಅಸಡ್ಡೆಯಲ್ಲ ಎಂದು. ಪ್ರಶ್ನೆ ಕೇಳಿ ಸುಮ್ಮನೆ ಕಾಯುವುದನ್ನೂ ಕಲಿಯಬೇಕು. ನಾರ್ದರ್ನ್ ಟೆರಿಟರಿಯ ಒಂದು ಭಾಷೆಯಲ್ಲಿ ಮನಸ್ಸಿಟ್ಟು, ಮೌನವಾಗಿ ಆಲಿಸುವುದಕ್ಕೆ ‘ದದಿರಿ’ ಎಂಬ ಪದವೇ ಇದೆ.

ಮೂಲನಿವಾಸಿ ಯುವಜನರೇ ಕಲಿತು ತಮ್ಮವರ ಸೇವೆಗೆ ನಿಲ್ಲುವ ದಾರಿಯೂ ಇದೆ. ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿ ಅಬೊರಿಜಿನಲ್ ಜನರೇ ನಡೆಸುವ ಚಿಕಿತ್ಸಾಲಯ ಆರಂಭವಾಯಿತು. ಈಗ ಅಂಥವು ದೇಶದ ತುಂಬ ಇವೆ. ‘ಸರ್ಟಿಫಿಕೇಟ್ 4’ ಹಂತದ ತರಬೇತಿ ಮುಗಿಸಿದ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರು, ನರ್ಸ್‌ಗಳ ಹಾಗೆಯೇ, 2012ರಿಂದ ರಾಷ್ಟ್ರಮಟ್ಟದಲ್ಲಿ ನೋಂದಣಿ ಪಡೆಯುತ್ತಾರೆ. ವೈದ್ಯರಿಗೆ ಹೇಳಲು ಹಿಂಜರಿಯುವ ಅಜ್ಜಿ ಇವರ ಹತ್ತಿರ ಮಾತಾಡುತ್ತಾಳೆ.

ಪೋಷಕರಿಗೊಂದು ಮಾತು. ಆಸ್ಟ್ರೇಲಿಯಾಕ್ಕೆ ಹೋಗಿ ಇಂಥ ಕೋರ್ಸು ಸೇರುವ ನಮ್ಮ ಮಕ್ಕಳಿಗೂ ಈ ಪಾಠ ಎದುರಾಗುತ್ತದೆ. ಚಿಕ್ಕಮ್ಮನ ಮಡಿಲಲ್ಲಿ ಬೆಳೆದವರಿಗೆ ಅರ್ಧ ಪಾಠ ಸುಲಭ. ಉಳಿದರ್ಧವನ್ನು ಅಲ್ಲಿನವರನ್ನೇ ಕೇಳಿ ಕಲಿಯಬೇಕು. ಬಿಳಿಯರು ನೆಲೆಸಿದ 1788ರ ಹೊತ್ತಿಗೆ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಂದು ಕಡೆಯ ರೀತಿ ಇನ್ನೊಂದು ಕಡೆ ಇರುವುದಿಲ್ಲ.

ಮಕ್ಕಳೇ, ಈ ವಾರ ಒಂದು ಹಾಳೆಯಲ್ಲಿ ನಿಮ್ಮ ಅಮ್ಮಂದಿರನ್ನೆಲ್ಲ ಬರೆಯಿರಿ. ಎಷ್ಟು ಜನರಾದರು?