ಕೋಡ್ ಕೊಟ್ಟವರು ಹೆಸರು ಕೊಟ್ಟಿಲ್ಲ

ಕಮಲಾಪುರದ ಕೆಂಪು ಬಾಳೆಯ ಕಂದನ್ನು ಒಯ್ದು ಬೇರೆ ಜಿಲ್ಲೆಯ ತೋಟದಲ್ಲಿ ನೆಟ್ಟರೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಅಲ್ಲಿ ಬಿಟ್ಟ ಗೊನೆಯನ್ನು ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ತಂದು ‘ಕಮಲಾಪುರ ಕೆಂಪು ಬಾಳೆ’ ಎಂದು ಮಾರುವಂತಿಲ್ಲ. ಆ ಹೆಸರಿಗೆ ಜಿ.ಐ. (ಭೌಗೋಳಿಕ ಸೂಚಕ) ಟ್ಯಾಗ್ ಇದೆ, ಅದರ ಹಿಂದೆ 1999ರ ಕಾಯ್ದೆ ಇದೆ.

ಈ ಲೆಕ್ಕ ನಮ್ಮ ರೈತರಿಗೆ ಸಲೀಸಾಗಿ ಅರ್ಥವಾಗುತ್ತದೆ. ಎಂಜಿನಿಯರಿಂಗ್ ಓದಿದವರಿಗೇ ಕಷ್ಟ. ಮುಕ್ತ ತಂತ್ರಾಂಶವೊಂದನ್ನು ಲಿನಕ್ಸ್‌ನಿಂದ ಆಂಡ್ರಾಯ್ಡ್‌ಗೆ ಪೋರ್ಟ್ ಮಾಡುತ್ತಾರೆ, ನಾಲ್ಕು ಮೆನುಗಳನ್ನು ಕನ್ನಡಕ್ಕೆ ತರುತ್ತಾರೆ, ಹಳೆಯ ಹೆಸರು, ಹಳೆಯ ಲೋಗೊ ಹಾಗೇ ಇಟ್ಟು ಹೊರಬಿಡುತ್ತಾರೆ. ಇಲ್ಲವೇ ಮೂಲ ಲೇಖಕರ ಹೆಸರನ್ನೇ ಅಳಿಸಿ ತಮ್ಮದನ್ನು ಬರೆದುಕೊಳ್ಳುತ್ತಾರೆ. ಎರಡೂ ತಪ್ಪೇ. ‘ಸೋರ್ಸ್ ಕೋಡ್ ಪುಕ್ಕಟೆ ಸಿಕ್ಕಿದೆಯಲ್ಲ’ ಎಂಬುದು ಇದಕ್ಕೆ ಉತ್ತರವಲ್ಲ.

ಲಿನಕ್ಸ್ ಹಂಚುವ ಡೆಬಿಯನ್ ಬಳಗದಂಥ ಪಳಗಿದವರೂ ಇಲ್ಲಿ ಎಡವಿದ್ದಾರೆ. ಅವರು ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ತಮಗೆ ಬೇಕಾದ ತಿದ್ದುಪಡಿ ಮಾಡಿ ಹಂಚುತ್ತಿದ್ದರು. ಆ ಹೆಸರು ಬೇಕಾದರೆ ನಮ್ಮ ಲೋಗೊವನ್ನೂ ಬಳಸಿ, ತಿದ್ದುಪಡಿಗಳಿಗೆ ನಮ್ಮ ಒಪ್ಪಿಗೆಯನ್ನೂ ಪಡೆಯಿರಿ ಎಂದು 2006ರಲ್ಲಿ ಫೈರ್‌ಫಾಕ್ಸ್ ರೂಪಿಸಿದ ಮೊಜಿಲ್ಲಾ ಪಟ್ಟು ಹಿಡಿಯಿತು. ಲೋಗೊ ಮುಕ್ತ ಲೈಸೆನ್ಸ್‌ನಲ್ಲಿ ಇರಲಿಲ್ಲ, ಡೆಬಿಯನ್ ಒಪ್ಪಲಿಲ್ಲ. ಬ್ರೌಸರ್ ‘ಐಸ್‌ವೀಸಲ್’ ಆಯಿತು. ಒಳಗಿನ ಕೋಡ್ ಹೆಚ್ಚುಕಡಿಮೆ ಅದೇ, ಬೋರ್ಡು ಮಾತ್ರ ಬೇರೆ. ರಾಜಿಯಾಗಿ ಹಳೆಯ ಹೆಸರು ಮರಳಿದ್ದು 2016ರಲ್ಲಿ. ತಮಾಷೆಯೆಂದರೆ, ಫೈರ್‌ಫಾಕ್ಸ್ ಕೂಡ ಮೊದಲು ಫೀನಿಕ್ಸ್ ಆಗಿ, ಬಳಿಕ ಫೈರ್‌ಬರ್ಡ್ ಆಗಿ, ಎರಡೂ ಹೆಸರು ಬೇರೆಯವರ ಬಳಿ ಇದ್ದುದರಿಂದ 2004ರಲ್ಲಿ ಮೂರನೆಯದಕ್ಕೆ ಬಂದು ನಿಂತದ್ದು!

ಲೈಸೆನ್ಸ್‌ಗಳು ಇದನ್ನು ಬಚ್ಚಿಟ್ಟಿಲ್ಲ. ಟ್ರೇಡ್‌ಮಾರ್ಕ್ ಬಳಕೆಗೆ ಅನುಮತಿ ಕೊಟ್ಟಿಲ್ಲ ಎಂದು ಅಪಾಚೆ 2.0 ನೇರವಾಗಿ ಹೇಳುತ್ತದೆ. ತಿದ್ದಿದ ಕಡತದಲ್ಲಿ ತಿದ್ದಿದ್ದನ್ನೂ ತಾರೀಖನ್ನೂ ನಮೂದಿಸಬೇಕು ಎನ್ನುತ್ತದೆ ಜಿಪಿಎಲ್ 2. ಫಾಂಟುಗಳಿಗೆ ಬಳಸುವ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಕರ್ತೃ ಹೆಸರನ್ನು ಕಾಯ್ದಿರಿಸಿಕೊಳ್ಳಬಹುದು. ಆಗ ಒಂದು ಒತ್ತಕ್ಷರ ತಿದ್ದಿದರೂ ಫಾಂಟಿಗೆ ಹೊಸ ಹೆಸರು ಇಡಲೇಬೇಕು.

ಕನ್ನಡದ್ದೇ ಉದಾಹರಣೆ ಬೇಕೆಂದರೆ ಕೀಲಿಮಣೆ ಇದೆ. ಇಂದು ಅನೇಕರು ಟೈಪ್ ಮಾಡುವ ವಿನ್ಯಾಸ ಕೆ.ಪಿ. ರಾವ್ ಅವರದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾಗಿ ಅದು ‘ನುಡಿ ಕೀಬೋರ್ಡ್’ ಎನಿಸಿತು. ಲಿನಕ್ಸ್‌ಗೆ ಹೋಗುವಾಗ ಪರಿಷತ್ತಿನ ಮೊದಲಕ್ಷರಗಳಿಂದ ‘ಕಗಪ’ ಆಯಿತು. ಅಲ್ಲೀಗ ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ‘ಕಗಪ’ ವಿನ್ಯಾಸಗಳಿವೆ. ಆ ಮೂರಕ್ಷರ ಕನ್ನಡದ ಸಂಸ್ಥೆಯೊಂದರದು ಎಂದು ಹಿಂದಿಯವರಿಗೆ ಹೇಳುವವರು ಯಾರು? ಇದರಲ್ಲಿ ಕಳ್ಳತನವೇನೂ ಇಲ್ಲ. ಆದರೆ ಸಾಗುವ ದಾರಿಯಲ್ಲಿ ರೂಪಿಸಿದವರ ಹೆಸರೇ ಉದುರಿಹೋಯಿತು. ಇದು ನನಗೆ ಐಸ್‌ವೀಸಲ್ ಜಗಳಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ.

ಹೆಸರು ಒಮ್ಮೆ ದಫ್ತರ ಸೇರಿದರೆ ಬದಲಿಸುವುದು ಸುಲಭವಲ್ಲ. ನಮ್ಮೂರು 2014ರ ನವೆಂಬರ್ 1ರಂದೇ ಕಲಬುರಗಿ ಆಯಿತು. ಐದು ವರ್ಷದ ಬಳಿಕ, 2019ರಲ್ಲಿ, ಇಲ್ಲಿನ ತೊಗರಿಗೆ ಜಿ.ಐ. ಮಾನ್ಯತೆ ದಕ್ಕಿದ್ದು ‘ಗುಲ್ಬರ್ಗಾ ತೂರ್ ದಾಲ್’ ಎಂಬ ಹೆಸರಿನಲ್ಲಿ. ತಂತ್ರಾಂಶದ ಪ್ಯಾಕೇಜಿನ ಪಾಡೂ ಇದೇ. ಹತ್ತಾರು ಕಡೆ ಆ ಹೆಸರಿನಿಂದಲೇ ಅದನ್ನು ಕರೆಯುವಂತಾದ ಮೇಲೆ ಬದಲಿಸಹೊರಟರೆ ಎಲ್ಲವೂ ಕೆಡುತ್ತದೆ.

ಆದ್ದರಿಂದ ಕಲಬುರಗಿಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ವಿದ್ಯಾರ್ಥಿಯ ಆ್ಯಪ್ ಓಡುತ್ತದೆಯೇ ಎಂದು ನೋಡುವ ಮೊದಲು ಅದರ ಫೋಲ್ಡರಿನಲ್ಲಿ ಮೂಲದ ಲೈಸೆನ್ಸ್ ಕಡತ ಉಳಿದಿದೆಯೇ ನೋಡಿ. ಅದನ್ನು ಉಳಿಸುವುದೂ ಒಂದು ಷರತ್ತೇ; ಜಿಪಿಎಲ್ 2ರ ನಾಲ್ಕನೇ ಕಲಮಿನ ಪ್ರಕಾರ, ಷರತ್ತು ಮುರಿದವರ ಅನುಮತಿ ನೋಟಿಸೂ ಇಲ್ಲದೆ ತಾನಾಗಿಯೇ ರದ್ದಾಗುತ್ತದೆ.