ಮಾಳಿಗೆಯ ಭಾರ, ನಡುಗೋಡೆಯ ನ್ಯಾಯ

ಮುಂಗಾರಿನಲ್ಲಿ ಮೂರು ದಿನ ಬಿಡದೆ ಜಡಿಮಳೆ ಹಿಡಿಯಿತೆಂದರೆ ಆದವಾನಿ, ಆಲೂರು, ಕೋಸಿಗಿ, ಕೌತಾಳಂ ಸೀಮೆಯಲ್ಲಿ ಎಲ್ಲಿಯಾದರೂ ಮಣ್ಣಿನ ಮಾಳಿಗೆ ಕುಸಿದೀತೆಂಬ ಭಯ ಮನೆಮನೆಗೂ ಹೊಕ್ಕುತ್ತದೆ. ಹಳೆಯ ಮನೆಯನ್ನು ಸರಿಪಡಿಸುವ ಯೋಚನೆ ನಮ್ಮವರಿಗೆ ಬರುವುದೂ ಆಗಲೇ. ಆತುರದಲ್ಲಿ ಮಾಡುವ ಮೊದಲ ಕೆಲಸವೇ ಅನೇಕ ವೇಳೆ ಅಪಾಯವನ್ನು ಹೆಚ್ಚಿಸುತ್ತದೆ: ಸೋರುವ ಮಾಳಿಗೆಯ ಮೇಲೆ ಕಾಂಕ್ರೀಟಿನ ಒಂದು ಪದರ ಹಾಕಿಸಿಬಿಡುವುದು.

ತೆಲುಗಿನವರು ಮಿದ್ದೆ ಎನ್ನುವ ನಮ್ಮ ಮಾಳಿಗೆ ಮನೆಯ ರಚನೆಯನ್ನು ಒಮ್ಮೆ ನೆನೆಯಿರಿ. ಕಲ್ಲನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ ಅಥವಾ ಬಂಡೆ, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಹಿರಿಯರು ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿಸುತ್ತಿದ್ದರು. ಹಳೆಯದನ್ನು ತೆಗೆಯದೆ ಹೊಸದನ್ನು ಹಾಕುತ್ತ ಹೋದ ಮನೆಗಳಲ್ಲಿ ಪದರ ಒಂದು ಅಡಿಯನ್ನೂ ಮೀರಿರುತ್ತದೆ. ಹತ್ತು ಹನ್ನೆರಡು ಅಡಿಯ ಒಂದು ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಸುಮಾರು 5 ಟನ್. ನೆನೆದರೆ ಇನ್ನೂ ಹೆಚ್ಚು. ಅದರ ಮೇಲೆ ಮೂರು ಅಂಗುಲ ಕಾಂಕ್ರೀಟು ಸುರಿದರೆ ಮತ್ತೆ 2 ಟನ್. ಸೋರುವುದು ನಿಂತಿತೆಂದು ಯಜಮಾನರು ಸಮಾಧಾನಪಡುತ್ತಾರೆ. ಅಜ್ಜನ ಕಾಲದ ತೊಲೆ ಮಾತ್ರ ಏಳು ಟನ್ ಹೊತ್ತು ನಿಂತಿರುತ್ತದೆ.

ಆದುದರಿಂದ ಮಾಳಿಗೆಯನ್ನು ಮೊದಲು ಹಗುರಗೊಳಿಸಬೇಕು. ಇದೇ ಕಡಿಮೆ ಖರ್ಚಿನ ಮಾರ್ಗವೂ ಹೌದು. ಕೆಳಗೆ ಆಸರೆಗಂಬಗಳನ್ನು ಕೊಟ್ಟು, ಮೇಲಿನ ಮಣ್ಣನ್ನು ಒಂದೇ ಬದಿಯಿಂದ ತೋಡದೆ ಎರಡೂ ಬದಿಗಳಿಂದ ಸಮನಾಗಿ ತೆಗೆಸಬೇಕು. ತೆಗೆದ ಮಣ್ಣನ್ನು ಮಾಳಿಗೆಯ ಮೂಲೆಯಲ್ಲೇ ಗುಡ್ಡೆ ಹಾಕಬಾರದು. ತೊಲೆಯ ನಡುಭಾಗ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹುದುಗಿದ ತುದಿಯನ್ನು ಬಿಡಿಸಿ ನೋಡಲೇಬೇಕು. ಗೆದ್ದಲೂ ತೇವವೂ ಮೊದಲು ತಿನ್ನುವುದು ಅಲ್ಲಿ. ಕಬ್ಬಿಣದ ಮೊಳೆ ಕೈಬಲಕ್ಕೆ ಒಳಹೋದರೆ ಆ ತೊಲೆಯನ್ನು ನಂಬುವಂತಿಲ್ಲ. ಒಳ್ಳೆಯ ತೇಗವಿದ್ದರೆ ಉಳಿಸಿಕೊಳ್ಳಿರಿ, ಇಂದು ಅದನ್ನು ಕೊಳ್ಳುವುದು ಸುಲಭವಲ್ಲ. ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಈಗಿನ ರೂಢಿ. ಒಳಗಿನ ತೇವ ಹೊರಬರಲಾರದೆ ಗೋಡೆಯ ಮಣ್ಣು ಸಡಿಲಗೊಳ್ಳುತ್ತದೆ. ಸುಣ್ಣದ ಗಾರೆ ಅದಕ್ಕಿಂತ ಮೇಲು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದುದನ್ನು ಕಂಡವರಿಗೆ, ನೆನೆದ ಮಣ್ಣುಗೋಡೆಯ ಬುಡ ಎಂತಹುದೆಂದು ಹೇಳಬೇಕಿಲ್ಲ. ಎರೆಭೂಮಿಯ ಊರುಗಳಲ್ಲಿ ನೆಲವೇ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವುದರಿಂದ ಗೋಡೆ ಬಿರುಕು ಬಿಡುತ್ತದೆ. ಅಂತಹ ಬಿರುಕಿಗೆ ಬರೀ ಸಿಮೆಂಟು ತುಂಬಿ ಪ್ರಯೋಜನವಿಲ್ಲ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡುವುದು ಮುಖ್ಯ.

ಇದಿಷ್ಟನ್ನು ಅನುಭವವುಳ್ಳ ಮೇಸ್ತ್ರಿಯೇ ಹೇಳಿಯಾನು. ವಕೀಲನ ಬಳಿಗೆ ಬರುವುದು ಇನ್ನೊಂದು ಬಗೆಯ ಕುಸಿತ. ತಂದೆ ಕಟ್ಟಿದ ಒಂದು ಮನೆಯನ್ನು ಅಣ್ಣತಮ್ಮಂದಿರು ನಡುವೆ ಗೋಡೆಯಿಟ್ಟು ಹಂಚಿಕೊಂಡಿರುತ್ತಾರೆ. ತೊಲೆ ಮಾತ್ರ ಹಂಚಿಕೆಯಾಗಿರುವುದಿಲ್ಲ. ಅದರ ಒಂದು ತುದಿ ಅಣ್ಣನ ಗೋಡೆಯಲ್ಲಿ, ಇನ್ನೊಂದು ತಮ್ಮನದರಲ್ಲಿ. ತಮ್ಮ ತನ್ನ ಪಾಲನ್ನು ಕೆಡವಿ ಹೊಸದು ಕಟ್ಟಹೊರಟಾಗ ಅಣ್ಣನ ಮಾಳಿಗೆ ಜಗ್ಗುತ್ತದೆ. “ನನ್ನ ಜಾಗ, ನಾನು ಕೆಡವುತ್ತೇನೆ” ಎಂಬ ಮಾತಿಗೆ ಕಾನೂನಿನಲ್ಲಿ ಪೂರ್ಣ ಬೆಂಬಲವಿಲ್ಲ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆ ಮದರಾಸು ಪ್ರಾಂತದಲ್ಲಿದ್ದ ನಮಗೆ ಆರಂಭದಿಂದಲೂ ಅನ್ವಯಿಸಿದ್ದು. ಅದರ 13ನೆಯ ಕಲಮಿನಂತೆ, ವಿಭಾಗವಾದಾಗ ಒಬ್ಬನ ಪಾಲಿನ ಅನುಭೋಗಕ್ಕೆ ಇನ್ನೊಬ್ಬನ ಪಾಲಿನ ಆಧಾರ ಅಗತ್ಯವಿದ್ದರೆ ಆ ಹಕ್ಕು ಪತ್ರದಲ್ಲಿ ಬರೆಯದಿದ್ದರೂ ದೊರೆಯುತ್ತದೆ. ಬೆಳಕು, ಗಾಳಿ, ಕಟ್ಟಡದ ಆಸರೆ ಇವುಗಳನ್ನು ಅಡಚಣೆಯಿಲ್ಲದೆ ಹಕ್ಕಿನಂತೆ 20 ವರ್ಷ ಅನುಭವಿಸಿದವರಿಗೆ 15ನೆಯ ಕಲಮಿನ ರಕ್ಷಣೆಯಿದೆ. ಹಳೆಯ ಮನೆಯನ್ನು ಕೆಡವಿದರೆ ಕಿಟಕಿಯ ಹಕ್ಕು ಹೋಗುವುದೇ ಎಂದು ಕೇಳುವವರಿದ್ದಾರೆ. 20 ವರ್ಷದೊಳಗೆ ಅದೇ ಜಾಗದಲ್ಲಿ, ನೆರೆಯವರಿಗೆ ಹಿಂದಿಗಿಂತ ಹೆಚ್ಚಿನ ಹೊರೆಯಾಗದಂತೆ ಕಟ್ಟಿದರೆ ಹಕ್ಕು ಮರಳುತ್ತದೆ. ಕೆಡವುವ ಮೊದಲು ಕಿಟಕಿ, ತೂಬು, ನಡುಗೋಡೆಗಳ ಅಳತೆ ಬರೆದು ಭಾವಚಿತ್ರ ತೆಗೆದಿಡುವುದು ಇದಕ್ಕಾಗಿಯೇ.

ಕೆಡವುವಾಗ ಅಜಾಗರೂಕತೆಯಿಂದ ಜೀವಕ್ಕೆ ಅಪಾಯವಾಗುವಂತೆ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 290ನೆಯ ಕಲಮಿನ ಪ್ರಕಾರ 6 ತಿಂಗಳವರೆಗೆ ಸೆರೆವಾಸ, 5000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ದುರಸ್ತಿಗೂ ಇದು ಅನ್ವಯಿಸುತ್ತದೆ. ಸುಣ್ಣಬಣ್ಣ, ನೆಲದ ಬಂಡೆ ಬದಲಿಸುವುದು ಒಂದು ಮಾತು. ಮಾಳಿಗೆ ತೆಗೆದು ಸ್ಲ್ಯಾಬು ಹಾಕುವುದು, ಮಹಡಿ ಏರಿಸುವುದು ಬೇರೆ ಮಾತು. ಎರಡನೆಯದಕ್ಕೆ ಕೈಹಾಕುವ ಮುನ್ನ ವಾರ್ಡು ಸಚಿವಾಲಯದಲ್ಲಿ ಅನುಮತಿಯ ವಿಷಯ ವಿಚಾರಿಸಿರಿ.

ಕಾಗದಪತ್ರಗಳ ಬಗೆಗೆ ನಮ್ಮ ಸೀಮೆಗೆ ವಿಶೇಷವಾದ ಒಂದು ತೊಡಕಿದೆ. 1953ರ ಅಕ್ಟೋಬರ್ 1ರವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವು. ಆ ಕಾಲದ ಕ್ರಯಪತ್ರ, ವಿಭಾಗಪತ್ರಗಳಲ್ಲಿ ಜಿಲ್ಲೆಯ ಹೆಸರು ಬಳ್ಳಾರಿ. ಭಾಷೆ ಎಷ್ಟೋ ಕಡೆ ಕನ್ನಡ. ತೆಲುಗು ಮಾಧ್ಯಮದಲ್ಲಿ ಓದಿದ ಮಕ್ಕಳು ಅವನ್ನು ಬೇಡದ ಕಾಗದವೆಂದು ಕಟ್ಟಿಟ್ಟಿರುತ್ತಾರೆ. ನಡುಗೋಡೆ ಯಾರದು, ಮಾಳಿಗೆಯ ನೀರು ಯಾವ ಬದಿಗೆ ಹರಿಯಬೇಕು ಎಂಬುದು ಆ ಚಕ್ಕುಬಂದಿಯಲ್ಲೇ ಇರಬಹುದು. ಮನೆಯ ಹಿರಿಯರಿಂದ ಓದಿಸಿರಿ.

ಬಳಿಕ ಪಕ್ಕದವರೊಡನೆ ಕುಳಿತು ಗೋಡೆಯ ಖರ್ಚು, ತೊಲೆಯ ಆಸರೆ, ಹಾನಿಯಾದರೆ ಯಾರ ಹೊಣೆ ಎಂಬುದನ್ನು ಬರೆಯಿಸಿರಿ. ಸ್ಥಿರಾಸ್ತಿಯಲ್ಲಿ ಹೊಸ ಹಕ್ಕು ಕೊಡುವ ಕರಾರಾದರೆ ಛಾಪಾ ಕಾಗದದ ಮೇಲಿನ ರುಜು ಸಾಲದು, ನೋಂದಣಿಯೂ ಬೇಕು. ಕೆಲಸ ಮಾಘದಲ್ಲಿ ಆರಂಭವಾಗಿ ಯುಗಾದಿಯ ಹೊತ್ತಿಗೆ ಮಾಳಿಗೆ ಮುಚ್ಚಿರಬೇಕು. ತೆರೆದಿಟ್ಟ ಗೋಡೆಯ ಮೇಲೆ ರೋಹಿಣಿ ಮಳೆ ಬಿದ್ದರೆ, ಉಳಿಸಿಕೊಂಡ ಗೋಡೆಯನ್ನೂ ಕೆಡವಿ ಕಟ್ಟಬೇಕಾದೀತು.