ಅಟ್ಟದ ಕಾಯಿಯೂ ಓದುಗನ ಕಿವಿಯೂ

ಕಥೆ ಕಾದಂಬರಿಗಳ ಮಾತು ಬಂದಲ್ಲೆಲ್ಲ ಈಗ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ‘ಅದು ನನ್ನ ವೈಯಕ್ತಿಕ ಅಭಿಪ್ರಾಯ.’ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದ ಮೇಲಂತೂ ಈ ಮಾತಿಗೆ ಬಿಡುವೇ ಇಲ್ಲ. ಕೆಲವರು ಮೆಚ್ಚಿದರು, ಕೆಲವರು ಮೂಗು ಮುರಿದರು, ಇಬ್ಬರೂ ಕಡೆಗೆ ಇದೇ ಬೀಗ ಜಡಿದರು. ಏಕೆ ಎಂದು ಕೇಳಿದರೆ ರುಚಿ ಅವರವರದು ಎನ್ನುತ್ತಾರೆ. ತುಸು ಓದಿಕೊಂಡವರು ಲೋಕದ ರುಚಿ ಬೇರೆ ಬೇರೆ ಎಂದ ಕಾಳಿದಾಸನನ್ನೂ ಸಾಕ್ಷಿಗೆ ಕರೆಯುತ್ತಾರೆ. ಕೇಳಲು ವಿನಯದ ಮಾತು. ಅದರ ಒಳಗಿರುವುದು ಮಾತ್ರ ‘ನನ್ನನ್ನು ಪ್ರಶ್ನಿಸಬೇಡಿ’ ಎಂಬ ಬಿಗುಮಾನ. ಅಭಿಪ್ರಾಯ ನನ್ನದಾಗಿರಬಹುದು, ಅದಕ್ಕೆ ಕೊಡುವ ಕಾರಣ ಮಾತ್ರ ನಾಲ್ಕು ಜನರ ನಡುವೆ ನಿಲ್ಲಬೇಕು ಎಂಬುದು ನನ್ನ ವಾದ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಇದನ್ನು ವಿವರಿಸುವುದು ಕಷ್ಟವಲ್ಲ. ಇಲ್ಲಿ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ವರ್ಷ ತುಂಬುವವರೆಗೆ, ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಹೊರಗಿನಿಂದ ತಿಳಿಯಲು ಇರುವುದು ಕಿವಿ. ಕಾಯನ್ನು ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಎಂದರೆ ಇನ್ನೂ ನೀರಿದೆ, ಕಾಯಬೇಕು. ಒಣಗಿದ ಉಂಡೆ, ಅಂದರೆ ಗಿಟುಕು, ಗಟಗಟ ಎಂದು ಕರಟಕ್ಕೆ ಬಡಿದರೆ ಸುಲಿಯಬಹುದು. ಈ ತೀರ್ಪಿಗಿಂತ ವೈಯಕ್ತಿಕವಾದದ್ದು ಇನ್ನೇನಿದೆ? ನಲವತ್ತು ವರ್ಷ ಪಳಗಿದ ಕಿವಿಗೆ ಕೇಳಿಸುವುದು ನೆನ್ನೆ ಮೊನ್ನೆ ಅಟ್ಟ ಹತ್ತಿದವನಿಗೆ ಕೇಳಿಸುವುದಿಲ್ಲ. ಹಾಗಿದ್ದರೂ ಸುಲಿದು ಒಡೆದಾಗ ಒಳಗೆ ಕೌಟು ಹಿಡಿದಿದ್ದರೆ, ಅದು ನನ್ನ ಸ್ವಂತ ಅಭಿಪ್ರಾಯವಾಗಿತ್ತು ಎಂದು ಯಾರೂ ಜಾರಿಕೊಳ್ಳುವುದಿಲ್ಲ. ಮಾರುಕಟ್ಟೆಯಲ್ಲಿ ವರ್ತಕ ಚೀಲಕ್ಕೆ ಕೈ ಹಾಕಿ ಬೆಲೆ ಇಳಿಸಿದರೆ ರೈತ ‘ಯಾಕೆ ಸ್ವಾಮಿ’ ಎನ್ನುತ್ತಾನೆ. ವರ್ತಕ ಬಣ್ಣವನ್ನೋ ಕಪ್ಪು ಚುಕ್ಕೆಯನ್ನೋ ಗಾತ್ರವನ್ನೋ ತೋರಿಸಬೇಕು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿದ ಸರ್ಕಾರ ಕೂಡ ಕೊಬ್ಬರಿ ಹೇಗಿರಬೇಕೆಂದು ಹೇಳಿಯೇ ಕಟ್ಟಿತು. ಕೊಬ್ಬರಿಗೆ ಸಲ್ಲುವ ಈ ಮರ್ಯಾದೆ ಕಥೆಗೆ ಏಕೆ ಸಲ್ಲಬಾರದು?

ಬಾನು ಅವರ ‘ಎದೆಯ ಹಣತೆ’ ಕಥೆಯನ್ನೇ ತೆಗೆದುಕೊಳ್ಳಿ. ಗಂಡ ಇನ್ನೊಬ್ಬಳ ಹಿಂದೆ ಹೋದ ಮೇಲೆ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಅವಳನ್ನು ತಿರುಗಿ ಗಂಡನ ಮನೆಗೇ ಬಿಟ್ಟುಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಹಿರಿಮಗಳು ಸಲ್ಮಾ ತಡೆಯುತ್ತಾಳೆ. ಕಣ್ಣೀರು ತರಿಸುವ ಮಾಮೂಲಿ ಕಥೆ, ಸಿನಿಮಾದ ಹಾಗಿದೆ ಎಂಬ ಅಭಿಪ್ರಾಯ ಓಡಾಡುತ್ತಿದೆ. ಅದು ಅಭಿಪ್ರಾಯವೇ ಸರಿ, ಆದರೆ ಕಾಯನ್ನು ಅಲ್ಲಾಡಿಸದೆ ಹೇಳಿದ್ದು. ಮನೆತನದ ಮರ್ಯಾದೆಯ ಅರಿವಿದ್ದಿದ್ದರೆ ನೀನು ಸುಟ್ಟುಕೊಂಡು ಸಾಯಬೇಕಿತ್ತು ಎಂಬ ಮಾತನ್ನು ಒಡಹುಟ್ಟಿದವರ ಬಾಯಲ್ಲಿ ಕಥೆ ಮೊದಲೇ ಆಡಿಸಿಬಿಟ್ಟಿದೆ. ರಾತ್ರಿಯ ಬೆಂಕಿಕಡ್ಡಿಯನ್ನು ಹಗಲಿನಲ್ಲೇ, ಹಿರಿಯರ ಸಮ್ಮುಖದಲ್ಲಿ, ಅವಳ ಕೈಗೆ ಕೊಟ್ಟಾಗಿದೆ. ಹೀಗಿರುವಾಗ ಕೊನೆಯ ದೃಶ್ಯ ಹಠಾತ್ತಾಗಿ ಎರಗುವ ಸಿನಿಮಾ ತಿರುವಾಗಲು ಹೇಗೆ ಸಾಧ್ಯ? ಆ ಸಭ್ಯ ಮನೆಯ ಮಾತು ಒಂದು ಹೆಂಗಸಿನ ಮೈಯಲ್ಲಿ ಜಾರಿಗೆ ಬರುತ್ತಿದೆ, ಅಷ್ಟೆ. ಇದನ್ನು ಒಪ್ಪದವರು ಒಪ್ಪದಿರಲಿ, ಆದರೆ ಅವರು ಆ ಮಾತಿಗೆ ಉತ್ತರ ಹೇಳಿ ಮುಂದೆ ಹೋಗಬೇಕು.

ಮೆಚ್ಚುಗೆಯಲ್ಲೂ ಇಂಥದೇ ಸೋಮಾರಿತನವಿದೆ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಬಂತು. 1920ರಿಂದ ಎರಡು ದಶಕಗಳ ತಿಪಟೂರು, ಚನ್ನರಾಯಪಟ್ಟಣ ಸೀಮೆಯೇ ಅದರ ನೆಲ. ಈ ಕಡೆಯ ಓದುಗ ಅದಕ್ಕೆ ಕೊಡುವ ಅತಿ ದೊಡ್ಡ ಸರ್ಟಿಫಿಕೇಟು, ‘ನಮ್ಮ ಸೀಮೆ ಹಾಗೇ ಇತ್ತು, ಅತ್ತೆ ಗಂಗಮ್ಮನ ಬಯ್ಗುಳ ನಮ್ಮೂರಿನದೇ.’ ಲೇಖಕರು ಸ್ವತಃ ಬಾಲ್ಯದಲ್ಲಿ ಪ್ಲೇಗಿಗೆ ಮನೆಯವರನ್ನು ಕಳೆದುಕೊಂಡವರು ಎಂಬುದನ್ನೂ ಸೇರಿಸುತ್ತಾರೆ. ನಡೆದದ್ದು ಎಂಬುದು ಕಾದಂಬರಿಯ ಗುಣವಾದರೆ ಪೊಲೀಸ್ ಠಾಣೆಯ ಎಫ್‌ಐಆರ್ ನಮ್ಮ ಶ್ರೇಷ್ಠ ಗದ್ಯವಾಗಬೇಕಿತ್ತು. ಗೃಹಭಂಗದ ಬಲ ಬೇರೆಡೆ ಇದೆ. ಶಾನುಭೋಗಿಕೆ ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ದುಡಿದದ್ದು ಅವಳು, ತಿಂದದ್ದು ಅವನು. ಮುತ್ತುಗದ ಎಲೆ ಹಚ್ಚುವುದು, ಖಿರ್ದಿ ಗೆರೆ ಹಾಕುವುದು, ಮಕ್ಕಳ ಹೊಟ್ಟೆ ಹೊಂದಿಸುವುದು ಎಲ್ಲವೂ ಒಂದೇ ಶ್ರುತಿಯಲ್ಲಿ ಸಾಗುತ್ತವೆ. ಬೆಳೆದ ಮಗಳೂ ಮಗನೂ ಪ್ಲೇಗಿಗೆ ಹೋದಾಗಲೂ ಕಥನ ಆ ಶ್ರುತಿಯನ್ನು ಏರಿಸುವುದಿಲ್ಲ, ವಿಧಿಯನ್ನು ಬಯ್ಯುವುದಿಲ್ಲ, ನಮಗೆ ಪಾಠ ಹೇಳುವುದಿಲ್ಲ. ಈ ಸಂಯಮವನ್ನು ಮಂಗಳೂರಿನ ಓದುಗನಿಗೂ ತೋರಿಸಿಕೊಡಬಹುದು. ಗಂಗಮ್ಮನಂಥವಳನ್ನು ಕಂಡಿಲ್ಲದವನಿಗೂ ಅದು ತಾಗುತ್ತದೆ. ಈ ಕಾರಣ ಕೈಯಲ್ಲಿದ್ದರೆ ಅದೇ ಲೇಖಕರ 2007ರ ‘ಆವರಣ’ವನ್ನು ಅಳೆಯಲು ಅಳತೆಗೋಲೂ ಸಿಕ್ಕಂತೆ. ಅಲ್ಲಿ ಪಾತ್ರಗಳು ಬದುಕುವುದಕ್ಕಿಂತ ವಾದಿಸುವುದು ಹೆಚ್ಚು, ಆಕರ ಗ್ರಂಥಗಳ ಪಟ್ಟಿಯೇ ಕಾದಂಬರಿಯೊಳಗೆ ಬಂದು ಕೂತಿದೆ. ವಿಚಾರವೇ ವಸ್ತುವಾದ ಕಾದಂಬರಿಗೆ ಬೇರೆ ರೂಪ ಬೇಕು ಎಂದು ಅದರ ಅಭಿಮಾನಿಗಳು ಹೇಳಬಹುದು. ಅದು ಕಾರಣ, ಅದರೊಡನೆ ಕೂತು ವಾದಿಸಬಹುದು. ಲೇಖಕ ನಮ್ಮ ಕಡೆಯವನೋ ಆ ಕಡೆಯವನೋ ಎಂದು ನೋಡಿಕೊಂಡು ಅಭಿಪ್ರಾಯ ಕಟ್ಟುವವರಿಗೆ ಪುಸ್ತಕವೇ ಬೇಡ, ರಕ್ಷಾಪುಟ ಸಾಕು.

ಇದಕ್ಕೆ ಗೌರವದಿಂದ ಉತ್ತರಿಸಬೇಕಾದ ಒಂದು ಆಕ್ಷೇಪವಿದೆ. ಕಾರಣ ಕೇಳುವುದೆಂದರೆ ಓದುಗರನ್ನು ಮತ್ತೆ ವಿಮರ್ಶಕರ ಮುಂದೆ ಕೈಕಟ್ಟಿ ನಿಲ್ಲಿಸಿದಂತಲ್ಲವೇ? ಈ ಅಂಜಿಕೆಗೆ ಚರಿತ್ರೆ ಇದೆ. ನವ್ಯದ ಕಾಲದಲ್ಲಿ ಕಾದಂಬರಿಕಾರ್ತಿ ತ್ರಿವೇಣಿಯವರನ್ನು ಮೆಚ್ಚುವುದೇ ನಾಚಿಕೆಯ ಸಂಗತಿ ಎಂಬಂತಿತ್ತು. ಬಾಡಿಗೆ ಲೈಬ್ರರಿಯಿಂದ ತಂದು ಓದಿದ ಹೆಂಗಸರು ತಮ್ಮ ಮೆಚ್ಚುಗೆಯನ್ನು ಅಡುಗೆಮನೆಯಲ್ಲೇ ಬಚ್ಚಿಟ್ಟರು. ಅವರಿಗೆ ‘ನನಗೆ ಹಿಡಿಸಿತು, ನೀವು ಯಾರು ಕೇಳಲು’ ಎಂಬ ಮಾತು ಬಿಡುಗಡೆಯಾಗಿತ್ತು, ಒಪ್ಪುತ್ತೇನೆ. ಆದರೆ ಆ ಓದುಗಿಯರು ಸರಿಯಿದ್ದದ್ದು ಹಠದ ಬಲದಿಂದಲ್ಲ. ತ್ರಿವೇಣಿಯವರ ‘ಶರಪಂಜರ’ದಲ್ಲಿ ಕಾವೇರಿ ಮನಸ್ಸಿನ ಕಾಯಿಲೆ ಗುಣವಾಗಿ ಮನೆಗೆ ಬಂದ ಮೇಲೆ ಮತ್ತೆ ಕುಸಿಯುವುದು ಕಾಯಿಲೆಯಿಂದಷ್ಟೇ ಅಲ್ಲ, ಸುತ್ತಲಿನವರು ಅವಳನ್ನು ನೋಡುವ ನೋಟದಿಂದ. ಇದನ್ನು ಕಂಡಿದ್ದ ಓದುಗಿಯ ಕೈಯಲ್ಲಿ ವಿಮರ್ಶಕನಿಗಿಂತ ಗಟ್ಟಿಯಾದ ಕಾರಣವಿತ್ತು. ಅವಳನ್ನು ಯಾರೂ ಕೇಳಲಿಲ್ಲ ಎಂಬುದೇ ಆದ ಅನ್ಯಾಯ. ಈಗ ಕೇಳಬೇಡಿ ಎನ್ನುವುದು ಆ ಅನ್ಯಾಯವನ್ನೇ ಮುಂದುವರಿಸಿದಂತೆ.

ಇನ್ನೊಂದು ಆಕ್ಷೇಪ ನನ್ನ ಹೋಲಿಕೆಯ ಮೇಲೆಯೇ ಬೀಳುತ್ತದೆ. ಒಡೆದ ಕಾಯಿಯೊಳಗೆ ಇರುವುದು ಎಲ್ಲರ ಕಣ್ಣಿಗೂ ಒಂದೇ. ಕಥೆಯನ್ನು ಒಡೆಯುವುದು ಎಲ್ಲಿ? ನಿಜ, ಹೋಲಿಕೆ ಅಷ್ಟು ದೂರ ಬರುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನ ಕೊನೆಯಲ್ಲಿ ಊರಿನಿಂದ ಇನ್ನೂ ಮರಳದ, ನಿರೂಪಕನ ಹೆಂಡತಿ ಅನಿತಾಗೆ ಏನಾಯಿತು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮನೆಯವರೇ ಕೊಲ್ಲಿಸಿದರು ಎನ್ನಬಹುದು. ತಪ್ಪಿತಸ್ಥ ಮನಸ್ಸಿನ ನಿರೂಪಕ ಹಾಗೆ ಅಂಜುತ್ತಿದ್ದಾನೆ ಎಂದೂ ಓದಬಹುದು. ಇರುವೆಗಳನ್ನು ಆ ಮನೆಯವರು ಕೊಲ್ಲುವ ಉತ್ಸಾಹವನ್ನೂ, ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದವಳನ್ನು ಬಾಗಿಲಲ್ಲೇ ಬಯ್ದು ಅಟ್ಟುವ ಕ್ರೌರ್ಯವನ್ನೂ ಎರಡೂ ಓದುಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕೂಡುಕುಟುಂಬದ ಒಗ್ಗಟ್ಟನ್ನು ಎತ್ತಿಹಿಡಿಯುವ ಕಥೆ ಎಂದು ಮೂರನೆಯವನು ಹೇಳಿದರೆ ಆ ಎರಡು ದೃಶ್ಯಗಳನ್ನು ಅವನು ಎಲ್ಲಿ ಇಟ್ಟ ಎಂದು ಕೇಳಲೇಬೇಕು.

ಹಾಗಾದರೆ ನನ್ನ ಅಭಿಪ್ರಾಯವನ್ನೂ ಕಾರಣದೊಡನೆ ಮುಂದಿಡುತ್ತೇನೆ. ‘ಎದೆಯ ಹಣತೆ’ಯನ್ನು ಇಷ್ಟು ಸಮರ್ಥಿಸಿದರೂ ಕೊನೆಯಲ್ಲಿ ಸಲ್ಮಾ ತಾಯಿಗೆ ಹೇಳುವ ಮಾತು ನನಗೆ ತುಸು ಹದ ತಪ್ಪಿದಂತೆ ಕೇಳುತ್ತದೆ. ಅಪ್ಪನಿಗಾಗಿ ಸಾಯಲು ಹೊರಟವಳು ಮಕ್ಕಳಿಗಾಗಿ ಬದುಕಲಾರಳೇ ಎಂಬ ಆ ತರ್ಕ ಗಾಬರಿಯಾದ ಹುಡುಗಿಗಿಂತ ವಕೀಲೆಯಾದ ಲೇಖಕಿಗೆ ಹತ್ತಿರ. ಸಲ್ಮಾ ಕೂಸನ್ನು ತಾಯಿಯ ಕಾಲ ಬಳಿ ಇಟ್ಟದ್ದೇ ಸಾಕಿತ್ತು. ಅಂಥ ಮನೆಯ ಹಿರಿಮಗಳು ವಯಸ್ಸಿಗೆ ಮುಂಚೆ ದೊಡ್ಡವಳಾಗಿರುತ್ತಾಳೆ, ಎಷ್ಟೋ ರಾತ್ರಿ ತಾಯಿಯನ್ನು ಕಾದು ಅವಳಿಗೆ ಆ ಮಾತು ಬಾಯಿಗೆ ಬಂದಿದೆ ಎಂದು ಯಾರಾದರೂ ಕಥೆಯ ಸಾಲುಗಳನ್ನೇ ಮುಂದಿಟ್ಟು ತೋರಿಸಿದರೆ ನಾನು ಮತ್ತೊಮ್ಮೆ ಓದಬೇಕಾಗುತ್ತದೆ.